ಅವಳ ಹೆಸರಿನಲ್ಲಿ ನೂರು ಮೀಟರ್

ಈಜಿದ್ದು ನಾನು, ಪಾಸಾದದ್ದು ನನ್ನ ತಂಗಿ ಶ್ರೀರಕ್ಷಾ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಮಾತಾಡುವುದು ನನಗೆ ಬರುವುದಿಲ್ಲ.

ಬಂಗಾಳಿಗಳ ಈ ಊರಿನ ಸೆಕ್ಟರ್ ಫೈವ್‌ನಲ್ಲಿ ಅಪ್ಪನದು ಉಡುಪಿ ಹೋಟೆಲು. ಎರಡು ವರ್ಷದ ಹಿಂದೆ ನ್ಯೂ ಟೌನ್ ಕಡೆಯ ಒಂದು ಹಾಯಿದೋಣಿ ಕ್ಲಬ್ಬಿನ ವಾರ್ಷಿಕೋತ್ಸವಕ್ಕೆ ಇಡ್ಲಿ ತಲುಪಿಸಲು ಹೋದ ತಂಗಿ, ಡಬ್ಬಿಗಳನ್ನು ದಡದಲ್ಲೇ ಬಿಟ್ಟು ದೋಣಿ ಹತ್ತಿದಳು. ಅಂದಿನಿಂದ ಅದೇ ಹುಚ್ಚು. ಭಾನುವಾರ ಬಂತೆಂದರೆ ಕೆರೆ. ಈ ಹುಡುಗಿಗೆ ಗಾಳಿ ತಾನಾಗಿ ಅರ್ಥವಾಗುತ್ತದೆ ಎಂದು ಅಲ್ಲಿನ ಕೋಚ್ ಪ್ರಬೀರ್‌ದಾ ಹೇಳಿದ್ದರಂತೆ. ಸುಳ್ಳಲ್ಲ. ಹೋಟೆಲಿನ ಬಾಗಿಲಲ್ಲಿ ನಿಂತು, ಈಗ ಗಾಳಿ ತಿರುಗಿತು ನೋಡು ಅನ್ನುತ್ತಿದ್ದಳು. ನನಗೆ ಗೊತ್ತಾಗುತ್ತಿದ್ದದ್ದು ಸಾಂಬಾರಿನ ವಾಸನೆ ಮಾತ್ರ.

ಆದರೆ ನೀರೆಂದರೆ ಅವಳಿಗೆ ಪ್ರಾಣಭಯ. ತಲೆಗೆ ಒಂದು ತಂಬಿಗೆ ನೀರು ಸುರಿದರೆ ಈಗಲೂ ಕಿರುಚುತ್ತಾಳೆ. ದೋಣಿಯಲ್ಲಿ ಲೈಫ್‌ಜಾಕೆಟ್ ಇರುವುದರಿಂದ ಯಾರಿಗೂ ಅದು ತಿಳಿದಿರಲಿಲ್ಲ. ಕ್ಲಬ್ಬಿನಲ್ಲಿ ಸೇರಿದ್ದ ಹಾಯಿದೋಣಿ ಕೋರ್ಸಿನ ಕೊನೆಗೆ ಈಜು ಪರೀಕ್ಷೆ ಬಂತು. ಜಾಕೆಟ್ ಇಲ್ಲದೆ ನೂರು ಮೀಟರ್ ಈಜಬೇಕು, ಹತ್ತು ನಿಮಿಷ ತೇಲಬೇಕು. ಅದು ಪಾಸಾಗದಿದ್ದರೆ ಸರ್ಟಿಫಿಕೇಟ್ ಇಲ್ಲ, ಸರ್ಟಿಫಿಕೇಟ್ ಇಲ್ಲದಿದ್ದರೆ ಆ ದಾರಿಯಲ್ಲಿ ಕೆಲಸವೂ ಇಲ್ಲ. ನಾನು ಶಾಲೆಯಲ್ಲಿ ಈಜಿ ಪದಕ ತಂದವಳು. ಹನ್ನೆರಡನೆಯ ಕ್ಲಾಸು ಮುಗಿದದ್ದೇ ಅಪ್ಪ ಕೌಂಟರಿನಲ್ಲಿ ಕೂರಿಸಿದರು, ಅಲ್ಲಿಗೆ ಈಜು ಮುಗಿಯಿತು.

"ಅಕ್ಕ, ನೀನು ಹೋಗಿ ಬಾ ಮಾರಾಯ್ತಿ," ಎಂದಳು ತಂಗಿ. "ಇವರಿಗೆ ನಾವೆಲ್ಲ ಮದ್ರಾಸಿಗಳೇ. ಟೊಪ್ಪಿ ಹಾಕಿದ್ರೆ ಯಾರಿಗೆ ಎಂತ ಗೊತ್ತಾಗ್ತದೆ?"

ಯಾರಿಗೂ ಗೊತ್ತಾಗಲಿಲ್ಲ. ಪರೀಕ್ಷೆ ಕ್ಲಬ್ಬಿನಲ್ಲಲ್ಲ, ಬೇರೊಂದು ಈಜುಕೊಳದಲ್ಲಿ ನಡೆಯಿತು. ಬಂದ ಪರೀಕ್ಷಕರಿಗೆ ನಮ್ಮಿಬ್ಬರ ಮುಖವೂ ಹೊಸದು. ನೀರಿಂದ ಎದ್ದು ಬಂದಾಗ ಅವರು ಗಡಿಯಾರ ನೋಡಿ ಹುಬ್ಬೇರಿಸಿದರು, ಯಾವ ಕ್ಲಬ್ಬಿಗೆ ಈಜಿದವಳಮ್ಮ ನೀನು ಎಂದು ಕೇಳಿದರು. ಕೌಂಟರಿನಲ್ಲಿ ಕೂತ ಎಂಟು ವರ್ಷದಲ್ಲಿ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಹೆಸರು ಕೇಳಿದಾಗ ಶ್ರೀರಕ್ಷಾ ಎಂದೆ. ಒಳಗೊಳಗೇ ಹೊಟ್ಟೆ ಉರಿಯಿತು, ಅದನ್ನೂ ಹೇಳಿಬಿಡಬೇಕು.

ಬೇಗ ಈಜು ಕಲಿಯುತ್ತೇನೆಂದು ತಂಗಿ ದೇವರ ಮುಂದೆ ಆಣೆ ಇಟ್ಟಳು. ನಾನು ಎರಡು ಸಲ ನೆನಪಿಸಿದೆ, ಆಮೇಲೆ ಬಿಟ್ಟೆ. ಈ ಏಪ್ರಿಲ್‌ನಲ್ಲಿ ಪ್ರಬೀರ್‌ದಾ ಅವಳಿಗೆ ಕೆಲಸವನ್ನೇ ಕೊಟ್ಟರು. ಮಕ್ಕಳ ಬೇಸಿಗೆ ಶಿಬಿರಕ್ಕೆ ಸಹಾಯಕ ಕೋಚ್. ಮಕ್ಕಳ ದೋಣಿಗಳ ಹಿಂದೆ ಮೋಟಾರು ದೋಣಿಯಲ್ಲಿ ಹೋಗಬೇಕು, ಯಾರಾದರೂ ಬಿದ್ದರೆ ಎತ್ತಬೇಕು. ಚೆನ್ನಾಗಿ ಮಾಡಿದರೆ ಸೆಪ್ಟೆಂಬರಿನಲ್ಲಿ ಮುಂಬಯಿಗೆ, ಪೂರ್ತಿ ಕೋಚ್ ಆಗುವ ತರಬೇತಿಗೆ ಕಳಿಸುತ್ತಾರೆ. ಅಪ್ಪ ಅಂದು ಬಂದ ಗಿರಾಕಿಗಳಿಗೆಲ್ಲ ಕೇಸರಿಬಾತ್ ಹಂಚಿದರು. ಬಡಿಸಿದ್ದು ನಾನೇ.

ಶಿಬಿರ ಶುರುವಾಗುವ ಹಿಂದಿನ ದಿನ, ಶನಿವಾರ, ರಾಜಲಕ್ಷ್ಮಿ ಊಟಕ್ಕೆ ಬಂದರು. ಬೆಂಗಳೂರಿನವರು, ಎದುರಿನ ಕಟ್ಟಡದಲ್ಲಿ ಕೆಲಸ. ಅವರ ಏಳು ವರ್ಷದ ಮಗಳು ಶ್ರಾವ್ಯ ಶಿಬಿರಕ್ಕೆ ಸೇರಿದ್ದಳು. ಕೈ ತೊಳೆದು ಬಂದವರು ಕೌಂಟರಿನ ಹತ್ತಿರ ನಿಂತರು.

"ಸುರಕ್ಷಾ, ನಿಮ್ಮ ತಂಗಿಗೆ ಈಜು ಚೆನ್ನಾಗಿ ಬರತ್ತಲ್ವಾ? ನನಗೆ ಈ ಊರಲ್ಲಿ ಬೇರೆ ಯಾರೂ ಗೊತ್ತಿಲ್ಲ. ನಿಮ್ಮನ್ನ ನಂಬಿ ಕಳಿಸ್ತಿದ್ದೀನಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನನ್ನ ಕೈ ಒದ್ದೆ ಕೂದಲೇನಾದರೂ ಇದೆಯೋ ಎಂಬಂತೆ ತಲೆಗೆ ಹೋಯಿತು. ಬರ್ತದೆ ಎಂದೆ. ಒಳ್ಳೆಯ ಈಜುಗಾರ್ತಿ ಎಂದೂ ಸೇರಿಸಿದೆ. ಆ ಎರಡನೆಯ ಮಾತು ಯಾಕೆ ಬೇಕಿತ್ತು ನನ್ನ ಈ ಹಾಳು ಬಾಯಿಗೆ? ರಾಜಲಕ್ಷ್ಮಿ ನನ್ನ ಕೈ ಹಿಡಿದು ಥ್ಯಾಂಕ್ಸ್ ಹೇಳಿ ಹೋದರು. ಅಂದು ಸಂಜೆ ತಂಗಿಗೆ, ನೀನೇ ಹೋಗಿ ಪ್ರಬೀರ್‌ದಾಗೆ ನಿಜ ಹೇಳು ಎಂದೆ. ಲೈಫ್‌ಜಾಕೆಟ್ ಉಂಟಲ್ಲ ಎಂದು ಅವಳು ನಕ್ಕಳು. ಮಗು ಹಾಯಿಯ ಅಡಿಗೆ ಸಿಕ್ಕಿಕೊಂಡರೆ ಎತ್ತಲು ಹೋದವರು ತಮ್ಮ ಜಾಕೆಟ್ ಬಿಚ್ಚಿ ಮುಳುಗಬೇಕಾಗುತ್ತದೆ. ಅದನ್ನು ನನಗೆ ಹೇಳಿಕೊಟ್ಟವಳೇ ಅವಳು.

ಭಾನುವಾರ ಮಕ್ಕಳು ಬರುವ ಮೊದಲೇ ನಾನು ಕೆರೆಗೆ ಹೋದೆ. ಉಪ್ಪು ತಿಂದವರು ನೀರು ಕುಡಿಯಲೇಬೇಕು. ಪ್ರಬೀರ್‌ದಾ ಹಗ್ಗ ಸುತ್ತುತ್ತಿದ್ದರು. ನನಗೆ ಬರುವ ಬಂಗಾಳಿಯಲ್ಲಿ ಎಲ್ಲ ಹೇಳಿದೆ. ಅವರು ಹಗ್ಗ ಕೆಳಗಿಟ್ಟು, ದೋಣಿ ಹತ್ತುವ ಹಲಗೆಯ ತುದಿಯಲ್ಲಿದ್ದ ಶ್ರೀರಕ್ಷಾಳನ್ನು ಕರೆದರು. ಕೊರಳಲ್ಲಿ ಸೀಟಿ, ಮೈಮೇಲೆ ಕ್ಲಬ್ಬಿನ ನೀಲಿ ಅಂಗಿ. ನನ್ನನ್ನು ನೋಡಿದ ಕೂಡಲೇ ಅವಳಿಗೆ ಅರ್ಥವಾಯಿತು. ಅಲ್ಲ ಎನ್ನಬಹುದಿತ್ತು, ಎನ್ನಲಿಲ್ಲ.

ಪ್ರಬೀರ್‌ದಾ ಕೂಗಾಡಲಿಲ್ಲ. ಸರ್ಟಿಫಿಕೇಟ್ ವಾಪಸು ಕೊಡು, ಈಜು ಕಲಿತು ನನ್ನ ಮುಂದೆಯೇ ಪರೀಕ್ಷೆ ಕೊಡು, ಆಮೇಲೆ ನೋಡೋಣ ಎಂದರು. ಸೆಪ್ಟೆಂಬರಿನ ಮುಂಬಯಿಯ ಮಾತು ಅವರೂ ಎತ್ತಲಿಲ್ಲ, ಅವಳೂ ಕೇಳಲಿಲ್ಲ. ಅಷ್ಟರಲ್ಲಿ ಗೇಟಿನ ಹತ್ತಿರ ಮಕ್ಕಳ ಗದ್ದಲ ಶುರುವಾಯಿತು. ಪ್ರಬೀರ್‌ದಾ ನನ್ನ ಕಡೆ ತಿರುಗಿದರು. ಈಜಿದವಳು ನೀನಲ್ಲವೇ, ಇವತ್ತು ಮೋಟಾರು ದೋಣಿಗೆ ಹತ್ತು, ಹಾಯಿ ಕಟ್ಟುವುದನ್ನು ನಾನು ಕಲಿಸುತ್ತೇನೆ, ತಪ್ಪು ಒಪ್ಪಿಕೊಳ್ಳುವವರು ನನಗೆ ಬೇಕು ಎಂದರು.

ಬೇಡ ಎನ್ನಬೇಕಿತ್ತು. ಮಕ್ಕಳ ಸಲುವಾಗಿ ಬಂದೆ, ಇದಕ್ಕಲ್ಲ ಎಂದು ಹೇಳಬೇಕಿತ್ತು.

ಶ್ರೀರಕ್ಷಾ ಸೀಟಿಯನ್ನು ಕೊರಳಿಂದ ತೆಗೆದಳು.

"ನಿಂಗೆ ಬೇಕಿದ್ರೆ ಮೊದಲೇ ಹೇಳ್ಬಹುದಿತ್ತು ಅಕ್ಕ," ಎಂದಳು. ಸಿಟ್ಟಿನಿಂದಲ್ಲ. ಸಿಟ್ಟು ಮಾಡಿದ್ದರೆ ನಾನೂ ಎರಡು ಮಾತು ಆಡಿ ಹಗುರಾಗುತ್ತಿದ್ದೆ.

ಅವಳು ಅದನ್ನು ನನ್ನತ್ತ ನೀಡುವ ಮೊದಲೇ ನನ್ನ ಕೈ ಮುಂದೆ ಹೋಗಿತ್ತು. ಅದನ್ನು ಅವಳೂ ನೋಡಿದಳು. ಶ್ರಾವ್ಯ ಓಡಿ ಬರುತ್ತಿದ್ದಳು, ಹಿಂದೆ ರಾಜಲಕ್ಷ್ಮಿ ಕೈ ಬೀಸುತ್ತಿದ್ದರು. ನಾನು ಸೀಟಿಯನ್ನು ಕೊರಳಿಗೆ ಹಾಕಿಕೊಂಡೆ. ಅದರ ದಾರ ಇನ್ನೂ ನನ್ನ ತಂಗಿಯ ಬೆವರಿಗೆ ಒದ್ದೆಯಾಗಿತ್ತು.