ತಾಯಿ ನೋಡಿದ ದಿಕ್ಕು

ಕಣ್ಣೀರು ಬೇಕಂತೆ ಅವರಿಗೆ! ನಾನು ಕೆತ್ತುತ್ತಿದ್ದದ್ದು ಸತ್ತ ಮಗನನ್ನು ಮಡಿಲಲ್ಲಿ ಹಿಡಿದು ಕೂತ ದೇವಮಾತೆಯನ್ನು. ಪ್ರಾರ್ಥನಾ ಮಂದಿರದ ಯಜಮಾನರು ಮೂರನೆಯ ಸಲ ಬಂದು, "ಮೇಸ್ತ್ರಿ, ನೋಡಿದವರಿಗೆ ಕರುಳು ಕಿತ್ತು ಬರ್ಬೇಕು" ಎಂದು ಹೇಳಿ ಹೋಗಿದ್ದರು. ಮರದಲ್ಲಿ ಮಡಿಲು, ಮಗ, ಬಟ್ಟೆಯ ನೆರಿಗೆ ಎಲ್ಲ ಮುಗಿದಿತ್ತು. ಕತ್ತಿನ ಮೇಲೆ ಮಾತ್ರ ಇನ್ನೂ ಬರೀ ದಿಮ್ಮಿ. ಎರಡು ತಿಂಗಳಿಂದ ಅಲ್ಲಿ ಉಳಿ ಇಟ್ಟರೆ ಸಾಕು, ಕೈ ಸೋತು ಬರುತ್ತಿತ್ತು.

ನಮ್ಮ ಪುಟ್ಟಿ ಜ್ವರದಲ್ಲಿ ತೀರಿಕೊಂಡು ಎಂಟು ತಿಂಗಳು. ಅವತ್ತಿನಿಂದ ಹೆಂಡತಿ ನನ್ನ ಮುಂದೆ ಅತ್ತಿಲ್ಲ, ಬೈದಿಲ್ಲ. ಊಟದ ಡಬ್ಬಿ ತಂದು ನನ್ನ ಕೆಲಸದ ಕೋಣೆಯ ಹೊಸ್ತಿಲ ಮೇಲಿಟ್ಟು ಹೋಗುತ್ತಾಳೆ, ಅಷ್ಟೇ. ಬೈಗುಳವಾದರೂ ಸರಿ, ಅವಳ ಒಂದು ಮಾತಿಗೆ ನನ್ನ ಜೀವ ಹಾತೊರೆಯುತ್ತಿತ್ತು.

ಆ ದಿನ ಒಳಗೇ ಬಂದಳು. ಮರದ ಹೊಟ್ಟು ಕೊಡವಿ ಸ್ಟೂಲಿನ ಮೇಲೆ ಕೂತಳು.

"ತಲೆ ಯಾವ ಕಡೆ ಮಾಡ್ತೀರಾ?"

"ಕೆಳಗೆ, ಮಗನ್ನ ನೋಡೋ ಹಾಗೆ. ಇಲ್ಲಾ ಅಂದ್ರೆ ಮೇಲೆ, ಆಕಾಶಕ್ಕೆ. ಎಲ್ರೂ ಹಾಗೇ ಮಾಡೋದು."

"ಎಲ್ರೂ ಪಕ್ಕದಲ್ಲಿ ಕೂತು ನೋಡಿದ್ರಾ?"

ನಾನು ಉಳಿ ಒರೆಸುತ್ತ ನಿಂತೆ.

"ಆಸ್ಪತ್ರೆಲಿ ಪುಟ್ಟಿ ಹೋದಾಗ ನಾನು ಅವಳನ್ನ ನೋಡ್ತಿರ್ಲಿಲ್ಲ ಕಣ್ರೀ. ಬಾಗಿಲು ನೋಡ್ತಿದ್ದೆ. ಈಗ ಬರ್ತೀರಾ, ಆಗ ಬರ್ತೀರಾ ಅಂತ, ಕಣ್ಣಿಗೆ ಎಣ್ಣೆ ಬಿಟ್ಕೊಂಡು. ತಿರುಗಿ ನೋಡೋಷ್ಟರಲ್ಲಿ ಮುಗಿದುಹೋಗಿತ್ತು."

ಆ ಹೊತ್ತಿನಲ್ಲಿ ನಾನು ಇದೇ ಕೋಣೆಯಲ್ಲಿ ಯಾವುದೋ ಸಂತನ ಕಾಲ್ಬೆರಳು ತೀಡುತ್ತಿದ್ದೆ. ಇನ್ನೊಂದೇ ಬೆರಳು, ಮುಗಿಸಿ ಹೊರಟೆ ಅಂತ ಕರೆಯಲು ಬಂದವನ ಹತ್ತಿರ ಹೇಳಿ ಕಳಿಸಿದ್ದೆ. ಥೂ, ನನ್ನ ಜನ್ಮಕ್ಕಿಷ್ಟು!

"ಊಟ ಆರಿಹೋಗುತ್ತೆ, ತಿನ್ನಿ" ಎಂದು ಎದ್ದುಹೋದಳು.

ದಿಮ್ಮಿ ದಪ್ಪಗೆ ಉಳಿದಿದ್ದು ಒಳ್ಳೆಯದೇ ಆಯಿತು. ಮುಖವನ್ನು ಪಕ್ಕಕ್ಕೆ ತಿರುಗಿಸಿದೆ. ಕಣ್ಣೀರು ಇಡಲಿಲ್ಲ, ರೆಪ್ಪೆಗಳನ್ನು ಪೂರಾ ತೆರೆದೆ. ಒಂಬತ್ತು ದಿನ ಹಿಡಿಯಿತು, ಭುಜ ಬಿದ್ದುಹೋಯಿತು.

ಯಜಮಾನರು ತಲೆ ಕೆರೆದುಕೊಂಡರು. "ಏನ್ ಮೇಸ್ತ್ರಿ, ಮಗ ಮಡಿಲಲ್ಲೇ ಇದಾನೆ. ಈಯಮ್ಮ ಇನ್ಯಾರ ದಾರಿ ಕಾಯ್ತಿದಾಳೆ?"

"ತಡವಾಗಿ ಬರೋರದ್ದು" ಎಂದೆ. ಅವಳ ನೋಟ ಮಂದಿರದ ಬಾಗಿಲಿಗೆ ನೇರವಾಗಿ ಬೀಳುವಂತೆ ನಾನೇ ನಿಂತು ಕೂರಿಸಿದೆ.

ಮೊದಲ ಪ್ರಾರ್ಥನೆಯ ದಿನವೂ ನಾನು ಹೋಗಿದ್ದು ತಡವಾಗಿಯೇ. ಹುಟ್ಟುಗುಣ ಸುಟ್ಟರೂ ಹೋಗದು. ಹೊಸ್ತಿಲಲ್ಲೇ ಆ ಕಣ್ಣು ಸಿಕ್ಕಿತು, ಅಲ್ಲೇ ನಿಂತೆ. ಆಗ ಕೊನೆಯ ಬೆಂಚಿನಲ್ಲಿದ್ದ ನನ್ನ ಹೆಂಡತಿ ಹಿಂತಿರುಗಿ ನೋಡಿದಳು. ಅದೇ ಮುಖ. ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಬಿಟ್ಟಳು.

"ಈಗ ಬಂದ್ರಾ?" ಎಂದವಳೇ ಅಳತೊಡಗಿದಳು.