ಮೂಡಲ ಮುಖದ ಗಾಡಿ

ಮುಳ್ಳೂರಿನಿಂದ ಕೊಳ್ಳೇಗಾಲಕ್ಕೆ ದಿನಾ ತರಕಾರಿ ಹಾಕಿಬರಲು ಒಂದು ಚಿಕ್ಕ ಪೆಟ್ರೋಲ್ ಪಿಕಪ್ ಸಾಕಿತ್ತು. ನಮ್ಮನೆಯವರಾದ ಗುರುಪ್ರಕಾಶ್‌ಗೆ ಅದು ಆಟದ ಸಾಮಾನಿನಂತೆ ಕಂಡಿತು. ಬೀಗರ ಬೀದಿಯಲ್ಲಿ ನಿಲ್ಲಿಸಿದರೆ ಜನ ತಿರುಗಿ ನೋಡಬೇಕಂತೆ. ದೊಡ್ಡ ಡೀಸೆಲ್ ಗಾಡಿಯನ್ನೇ ತಂದರು. “ಹೊಗೆ ಸೋಸೋ ಫಿಲ್ಟರ್ ಇದೆ ಸಾರ್, ಆಗಾಗ ದೂರ ಓಡಿಸ್ಬೇಕು, ಇಲ್ಲಾಂದ್ರೆ ಮಸಿ ಕಟ್ಟುತ್ತೆ” ಎಂದು ಶೋರೂಮಿನವನು ಹೇಳುವಾಗ ಇವರು ಗಾಡಿಯ ಕನ್ನಡಿಯಲ್ಲಿ ಮೀಸೆ ನೋಡಿಕೊಳ್ಳುತ್ತಿದ್ದರು.

ಬೇಸಿಗೆಯ ಹೊತ್ತಿಗೆ ಮಸಿ ಕಟ್ಟಿತು. ಗಾಡಿ ಏರಿನಲ್ಲಿ ತಿಣುಕತೊಡಗಿತು. ಕೊಳ್ಳೇಗಾಲದ ಮೆಕ್ಯಾನಿಕ್ ಶಂಕರ್ ಆ ಫಿಲ್ಟರನ್ನು ಕೊಯ್ದು, ಒಳಗಿದ್ದದ್ದನ್ನೆಲ್ಲ ಕಿತ್ತುಹಾಕಿ ಬೆಸುಗೆ ಹಾಕಿಕೊಟ್ಟ. “ಈಗ ನೋಡು, ಎಂಗ್ ಓಯ್ತದೆ!” ಎಂದು ಇವರು ಹಿಗ್ಗಿದರು. ಹೊಗೆ ತಪಾಸಣೆಯ ಸರ್ಟಿಫಿಕೇಟೂ ಬಂತು. ಕೊಳವೆಗೆ ಯಾರೂ ಯಂತ್ರ ಇಡಲಿಲ್ಲ, ನಂಬರ್ ಪ್ಲೇಟಿನ ಫೋಟೊ ಹಿಡಿದರು ಅಷ್ಟೆ.

ನಮ್ಮ ಮನೆಯಲ್ಲಿ ಗಾಡಿ ಮೂಡಲಕ್ಕೇ ಮುಖ ಮಾಡಿ ನಿಲ್ಲಬೇಕು. ಬೆಳಿಗ್ಗೆ ಇಂಜಿನ್ ಚಾಲೂ ಮಾಡಿಟ್ಟು, ಬಾನೆಟ್ಟಿಗೆ ವಿಭೂತಿ ಹಚ್ಚಿ ಕರ್ಪೂರ ಬೆಳಗಿದ ಮೇಲೆಯೇ ಮಿಕ್ಕಿದ ಕೆಲಸ. ಹಾಗೆ ನಿಂತರೆ ಅದರ ಹಿಂಭಾಗ ನಮ್ಮತ್ತೆ ದೊಡ್ಡಬಸಮ್ಮನವರ ಕೋಣೆಯ ಕಿಟಕಿಗೆ ಬರುತ್ತದೆ. ಅವರಿಗೆ ಮೊದಲೇ ಉಬ್ಬಸ.

“ರೀ, ಗಾಡಿ ತಿರುಗ್ಸಿ ನಿಲ್ಸಿ. ಇಲ್ಲಾ ಆ ಫಿಲ್ಟ್ರು ಆಕ್ಸಿ. ಅತ್ತೆಗೆ ಉಸ್ರು ಕಟ್ತದೆ,” ಎಂದೆ.

“ಪಡುವಲಕ್ಕೆ ತಿರುಗ್ಸಿ ಪೂಜೆ ಮಾಡಕಾದದಾ? ಸರ್ಟಿಫಿಕೇಟ್ ಅದೆ, ಸುಮ್ಕಿರು.”

ಅತ್ತೆಯೂ ಮಗನ ಕಡೆಗೇ. “ಕಿಟ್ಕಿ ಆಕ್ಬುಡು ಕಣವ್ವ, ಪೂಜೆ ಒತ್ನಲ್ಲಿ ಜಗ್ಳ ಬ್ಯಾಡ,” ಎಂದು ಸೆರಗನ್ನು ಮೂಗಿಗೆ ಒತ್ತಿಕೊಳ್ಳುತ್ತಿದ್ದರು. ಕಿಟಕಿಯ ಸರಳು ಒರೆಸಿದ ಬಟ್ಟೆ ಕರ್ರಗಾಗುತ್ತಿತ್ತು.

ಒಂದು ಬೆಳಿಗ್ಗೆ ಕರ್ಪೂರ ಇನ್ನೂ ಉರಿಯುತ್ತಿರುವಾಗಲೇ ಅತ್ತೆ ಮಂಚದಿಂದ ಕೆಳಗೆ ಜಾರಿದರು. ತುಟಿ ನೀಲಿಯಾಗಿತ್ತು. ಅದೇ ಗಾಡಿಯಲ್ಲಿ ಕೊಳ್ಳೇಗಾಲದ ಆಸ್ಪತ್ರೆಗೆ ಧಾವಿಸಿದೆವು.

“ಮನೇಲಿ ಸೌದೆ ಒಲೆ ಇದೆಯಾ? ಯಾರಾದರೂ ಬೀಡಿ ಸೇದ್ತಾರಾ?” ಎಂದರು ಡಾಕ್ಟರು.

“ಇಲ್ಲ ಸಾ. ಗ್ಯಾಸೊಲೆ. ಬೀಡಿ ಮುಟ್ಟೋರೇ ಇಲ್ಲ,” ಎಂದರು ಇವರು.

“ಗಾಡಿ ಹೊಗೆ ಡಾಕ್ಟ್ರೇ, ದಿನಾ ಕಿಟಕಿಗೇ ಬಿಡ್ತಾರೆ,” ಎಂದೆ ನಾನು.

ಇವರು ನನ್ನನ್ನು ದುರುಗುಟ್ಟಿ ನೋಡಿ, ಮೊಬೈಲಿನಲ್ಲಿದ್ದ ಸರ್ಟಿಫಿಕೇಟ್ ತೆಗೆದು ಹಿಡಿದರು. ಡಾಕ್ಟರು ಅದನ್ನು ನೋಡಿ, “ಇದರಲ್ಲಿ ಎಲ್ಲ ಸರಿಯಾಗೇ ಇದೆಯಲ್ಲಮ್ಮ,” ಎಂದು ಮುಂದಿನ ಹಾಸಿಗೆಗೆ ಹೋದರು.

ಅತ್ತೆ ಉಳಿದರು. ನೋಡಲು ಬಂದವರಿಗೆಲ್ಲ ಒಂದೇ ಮಾತು: “ಮನೇಲಿ ಗಾಡಿ ಇದ್ದುದ್ಕೆ ಉಳ್ಕಂಡೆ. ಇಲ್ದಿದ್ರೆ ಓಗ್ಬುಡ್ತಿದ್ದೆ.” ಪಕ್ಕದಲ್ಲಿ ಮಗ ಎದೆಯುಬ್ಬಿಸಿ ನಿಂತಿರುತ್ತಿದ್ದರು.

ಮನೆಗೆ ಬಂದ ಮರುದಿನ ಇವರು ತೆಂಗಿನಕಾಯಿ, ಹಾರ ತಂದು ದೊಡ್ಡ ಪೂಜೆಗೇ ನಿಂತರು. ಇಂಜಿನ್ ಗುರುಗುಟ್ಟಿತು. ನಾನು ಓಡಿಹೋಗಿ ಕಿಟಕಿ ಮುಚ್ಚಿದೆ.

“ತಗಿಯವ್ವ,” ಎಂದರು ಅತ್ತೆ. “ನನ್ ಉಳುಸ್ದ ಗಾಡಿ. ಕೈ ಮುಗೀಬೇಕು.”

ನಾನು ಕದಲಲಿಲ್ಲ. ಅವರೇ ಗೋಡೆ ಹಿಡಿದು ಎದ್ದು ಬಂದು, ಕಿಟಕಿ ತೆರೆದು, ಹೊಗೆಗೆ ಕೈ ಮುಗಿದರು.