ಮೂರನೇ ಕೋಣೆಯ ತೊಂಬತ್ತೆರಡು ಗಂಟೆ

ಇಪ್ಪತ್ತೆರಡು ವರ್ಷ ಹೊಲಿಗೆ ಯಂತ್ರದ ಮುಂದೆ ಕೂತ ಹೆಂಗಸು ನಲವತ್ತಮೂರನೆಯ ವಯಸ್ಸಿನಲ್ಲಿ ಕೌನ್ಸೆಲಿಂಗ್ ಡಿಪ್ಲೊಮಾಕ್ಕೆ ಸೇರಿದಾಗ ನಕ್ಕವರೇ ಹೆಚ್ಚು. ಅವಳಿಗೇನೂ ಅದು ವಿಚಿತ್ರವೆನಿಸಿರಲಿಲ್ಲ. ಅಳತೆ ಕೊಡಲು ಬಂದ ಹೆಂಗಸರು ಸೊಂಟಕ್ಕೆ ಟೇಪು ಬೀಳುವುದೇ ತಡ, ಗಂಡನ ಕುಡಿತ, ಮಗಳ ಹಟ, ಬರದ ನಿದ್ದೆ, ಎಲ್ಲವನ್ನೂ ಹೇಳಿಕೊಂಡುಬಿಡುತ್ತಿದ್ದರು. ಕೇಳಿಸಿಕೊಳ್ಳುವುದು ತನಗೆ ಬರುತ್ತದೆ, ಅದನ್ನು ಸರಿಯಾಗಿ ಕಲಿಯಬೇಕು ಅನ್ನಿಸಿತು, ಸೇರಿದಳು. ತನ್ನ ಅರ್ಧ ವಯಸ್ಸಿನ ಸಹಪಾಠಿಗಳು ಟೈಲರಮ್ಮ ಎಂದು ಕರೆದರು. ಆ ಹೆಸರೇ ನಿಂತಿತು.

ಓದು ಕಷ್ಟವಾಗಲಿಲ್ಲ. ಕಷ್ಟವಾದದ್ದು ಜಾಗ ಹುಡುಕುವುದು. ಡಿಪ್ಲೊಮಾ ಸಿಗಬೇಕಾದರೆ ಯಾವುದಾದರೂ ಕೇಂದ್ರದಲ್ಲಿ ನೂರು ಗಂಟೆ ನಿಜವಾದ ಜನರ ಎದುರು ಕೂತು ಕೆಲಸ ಮಾಡಿರಬೇಕು, ಅದಕ್ಕೆ ಆ ಕೇಂದ್ರದವರು ಸಹಿ ಹಾಕಬೇಕು. ಆಸ್ಪತ್ರೆಯಲ್ಲಿ ಕೇಳಿದಳು, ಡಿಪ್ಲೊಮಾ ಮುಗಿಸಿ ಬನ್ನಿ ಎಂದರು. ಜಾಗ ಸಿಗದೆ ಅದು ಮುಗಿಯುವುದಿಲ್ಲ ಎಂದರೆ, ಅದು ನಿಮ್ಮ ತಲೆನೋವು ಎಂದರು. ಶಾಲೆಯೊಂದರಲ್ಲಿ ಅರ್ಜಿ ತೆಗೆದುಕೊಂಡು ಯೂನಿಫಾರ್ಮ್ ಹೊಲಿಯುತ್ತೀರಾ ಎಂದು ಕೇಳಿದರು. ಹದಿನಾಲ್ಕು ಕಡೆ ಚಪ್ಪಲಿ ಸವೆಸಿದ ಮೇಲೆ, ಬಸ್ ಡಿಪೋ ಹಿಂದಿನ ರಸ್ತೆಯ ಎರಡು ಮಹಡಿಯ ಕೇಂದ್ರದಲ್ಲಿ ಹೂಂ ಅಂದರು. ಅದನ್ನು ನಡೆಸುತ್ತಿದ್ದವರನ್ನು ಎಲ್ಲರೂ ದೊಡ್ಡ ಮೇಡಂ ಎನ್ನುತ್ತಿದ್ದರು. ಬೆಣ್ಣೆಯಂಥ ಮಾತು. ಟೈಲರಮ್ಮನ ಎರಡೂ ಕೈ ಹಿಡಿದು, "ಬನ್ನಿ, ಇದು ನಿಮ್ಮನೆ ಅಂದ್ಕೊಳ್ಳಿ" ಅಂದರು. ಅವಳಿಗೆ ಕಣ್ಣು ತುಂಬಿ ಬಂದಿತ್ತು.

ಅವಳಿಗೆ ಸಿಕ್ಕಿದ್ದು ಮೂರನೇ ಕೋಣೆ. ಎರಡು ಕುರ್ಚಿ, ಒಂದು ಗಡಿಯಾರ, ಡಿಪೋದ ಕಡೆಗೊಂದು ಕಿಟಕಿ. ವಾರಕ್ಕೆ ಮೂರು ದಿನ. ಮೊದಮೊದಲು ಎದುರಿನವರು ಅತ್ತರೆ ಇವಳೂ ಅತ್ತುಬಿಡುತ್ತಿದ್ದಳು. ಬರಬರುತ್ತ ಸುಮ್ಮನಿರುವುದನ್ನು ಕಲಿತಳು. ರಿಟೈರಾದ ಟೈಪ್‌ರೈಟರ್ ಮೆಕ್ಯಾನಿಕ್ ಒಬ್ಬರು ಬರುತ್ತಿದ್ದರು. ಹೆಂಡತಿ ತೀರಿಕೊಂಡು ವರ್ಷವಾಗಿತ್ತು. ಆರು ವಾರ ಬರೀ ಹವಾಮಾನದ ಮಾತಾಡಿದರು. ಏಳನೇ ವಾರ, "ಅವಳ ಫೋನಿಗೆ ಇನ್ನೂ ಚಾರ್ಜ್ ಹಾಕ್ತೀನಮ್ಮ" ಅಂದರು. ಆ ದಿನ ಮನೆಗೆ ನಡೆದು ಹೋಗುವಾಗ ಅವಳ ಕಾಲು ನೆಲದ ಮೇಲಿರಲಿಲ್ಲ.

ದೊಡ್ಡ ಮೇಡಂ ವಾರಕ್ಕೊಮ್ಮೆ ಕೂತು ಅವಳ ಕೆಲಸದ ತಪ್ಪು ಒಪ್ಪು ತಿದ್ದಬೇಕಿತ್ತು. ಅದು ತಿಂಗಳಿಗೊಮ್ಮೆ ಆಯಿತು, ಆಮೇಲೆ ಮೆಟ್ಟಿಲ ಮೇಲಿನ ಎರಡು ಮಾತಾಯಿತು. ಅದರ ಬದಲು ಒಂದು ದಿನ, "ಆರೂ ಕೋಣೆಗೆ ಪರದೆ ಬೇಕಿತ್ತಲ್ಲ" ಅಂದರು. ಟೈಲರಮ್ಮ ಹೊಲಿದುಕೊಟ್ಟಳು. ಇದು ನಮ್ಮನೆ ಅಂದಿದ್ದರಲ್ಲ.

ಅದುವರೆಗಿನ ಗಂಟೆಗಳ ಫಾರಂ ಕಾಲೇಜಿಗೆ ಕೊಡುವ ಹೊತ್ತಿಗೆ, ಎಂಟು ತಿಂಗಳಲ್ಲಿ, ತೊಂಬತ್ತೆರಡಾಗಿತ್ತು; ಸಹಿಗೆಂದು ಹೋದಳು. ದೊಡ್ಡ ಮೇಡಂ ಹಾಳೆಯನ್ನು ಮುಟ್ಟಲೂ ಇಲ್ಲ.

"ಬೇಜಾರು ಮಾಡ್ಕೋಬೇಡಿ. ನಿಮ್ಮಲ್ಲಿ ಇನ್ನೂ ಪಕ್ವತೆ ಬಂದಿಲ್ಲ. ಇನ್ನೊಂದು ವರ್ಷ ಇಲ್ಲೇ ಮಾಡಿ, ನೋಡೋಣ."

"ಎಲ್ಲಿ ತಪ್ಪಾಯ್ತು ಮೇಡಂ? ಹೇಳಿದ್ರೆ ತಿದ್ಕೋತೀನಿ."

"ಅದು ಹೇಳೋ ಅಂಥದ್ದಲ್ಲಮ್ಮ. ಕೆಲವರಿಗೆ ಬರತ್ತೆ, ಕೆಲವರಿಗೆ ಬರಲ್ಲ. ನಿಮ್ಮ ಹೊಲಿಗೆ ಮಾತ್ರ ತುಂಬ ಚೆನ್ನಾಗಿದೆ."

ಎರಡು ರಾತ್ರಿ ನಿದ್ದೆಯಿಲ್ಲದೆ, ತನ್ನಲ್ಲೇ ಏನೋ ಕೊರತೆ ಇರಬೇಕೆಂದು ಅವಳು ನಂಬಿಕೊಂಡಿದ್ದಳು. ಮುಂದಿನ ವಾರ ಕಾಲೇಜಿಗೆ ಬೇಗ ಹೋದಾಗ ಕೋರ್ಸಿನ ಮೇಷ್ಟ್ರು, "ಈ ಫಾರಂಗಳನ್ನ ಸ್ವಲ್ಪ ನಂಬರ್ ಪ್ರಕಾರ ಜೋಡಿಸಿಕೊಡಿ" ಎಂದರು. ಜೋಡಿಸುತ್ತ ಹೋದವಳ ಕೈ ಒಂದು ಫಾರಂ ಮೇಲೆ ನಿಂತಿತು. ಅದು ದೊಡ್ಡ ಮೇಡಂ ಅವರ ತಂಗಿಯ ಮಗಳದ್ದು. ಅದೇ ಕ್ಲಾಸಿನ ಹುಡುಗಿ, ಕೇಂದ್ರದ ಕಡೆ ಎರಡು ಸಲ ಬಂದಿದ್ದರೆ ಹೆಚ್ಚು. ಫಾರಂನಲ್ಲಿ ತೊಂಬತ್ತೆರಡು ಗಂಟೆ. ಮೂರನೇ ಕೋಣೆ. ಮಂಗಳವಾರ ಹನ್ನೊಂದು, ಗುರುವಾರ ನಾಲ್ಕು. ಬರುವ ಒಬ್ಬೊಬ್ಬರಿಗೂ ಕೇಂದ್ರದಲ್ಲಿ ಹೆಸರಿನ ಬದಲು ಕೊಡುತ್ತಿದ್ದ ನಂಬರ್‌ಗಳು ಕೂಡ ಇವಳ ಹತ್ತಿರ ಬರುವವರವೇ. ಮೆಕ್ಯಾನಿಕ್ ಅವರ ಹದಿನೇಳು ಅಲ್ಲಿತ್ತು. ಕೆಳಗೆ ದೊಡ್ಡ ಮೇಡಂ ಅವರ ದುಂಡಗಿನ ಸಹಿ.

ಇನ್ನೊಮ್ಮೆ ಮೊದಲಿಂದ ಓದಿದಳು. ಆಮೇಲೆ ಫಾರಂಗಳನ್ನು ನಂಬರ್ ಪ್ರಕಾರ ಜೋಡಿಸಿ, ಅಂಚು ಸಮ ಮಾಡಿ, ಮೇಷ್ಟ್ರ ಮೇಜಿನ ಮೇಲಿಟ್ಟು ಬಂದಳು.

ಮನೆಯಲ್ಲಿ ಗಂಡ, "ದೊಡ್ಡೋರ ಸಹವಾಸ, ಬಿಟ್ಟಾಕು" ಅಂದ. ಅವರೆಕಾಳು ಬಿಡಿಸುತ್ತಿದ್ದ ಅತ್ತೆ ತಲೆ ಎತ್ತದೆಯೇ ಮೊದಲು ಮಗನಿಗೆ, ಆಮೇಲೆ ಸೊಸೆಗೆ ಅಂದರು:

"ಯಾಕೋ ಬಿಡಬೇಕು? ಪರದೆ ಹೊಲಿಸ್ಕೊಂಡು, ದುಡಿಸ್ಕೊಂಡು, ನಿಂಗೆ ಬುದ್ಧಿ ಬಲಿತಿಲ್ಲ ಅಂತ ಬೇರೆ ಅಂದ್ಲಂತೆ. ಅವಳಿಗೆ ನೀರಿಳಿಸದೆ ಬಂದ್ರೆ ಈ ಮನೇಲಿ ನಿಂಗೆ ಕಾಫಿ ಇಲ್ಲ ಕಣೇ."

"ನಾಳೆನೇ ಮೇಷ್ಟ್ರಿಗೆ ಹೇಳ್ತೀನಿ ಅತ್ತೆ."

"ಹೇಳಿದ್ರೆ ಅವಳನ್ನ ಒಳಗೆ ಕರೆದು ಕೇಳ್ತಾರೆ. ಅವಳು ಬೆಣ್ಣೆ ಹಚ್ತಾಳೆ. ಮುಗೀತು."

ಅತ್ತೆಯ ಮಾತು ಸುಳ್ಳಲ್ಲ. ಮೂರು ವಾರಕ್ಕೆ ಕಾಲೇಜಿನಿಂದ ಇಬ್ಬರು ಕೇಂದ್ರ ನೋಡಲು ಬರುವುದಿತ್ತು. ಮುಂದಿನ ಐದು ವರ್ಷ ಅಲ್ಲಿಗೆ ಕಲಿಯುವವರನ್ನು ಕಳಿಸಬಹುದೋ ಬೇಡವೋ ಎಂದು ನಿರ್ಧಾರವಾಗುವ ದಿನ ಅದು. ಅಲ್ಲಿಯವರೆಗೆ ಬಾಯಿ ಹೊಲಿದುಕೊಳ್ಳುವುದೆಂದು ಟೈಲರಮ್ಮ ತೀರ್ಮಾನಿಸಿದಳು.

ಆ ಮೂರು ವಾರ ಅವಳಷ್ಟು ವಿನಯದ ಹೆಂಗಸು ಇನ್ನೊಬ್ಬಳಿರಲಿಲ್ಲ. ದೊಡ್ಡ ಮೇಡಂ ಎದುರಾದರೆ ನಗು. ಸೋಫಾದ ಕವರ್ ಬೇಕೆಂದರೆ ಅದಕ್ಕೂ ಹೂಂ. ಒಳಗೊಳಗೇ ಒಂದೊಂದೇ ಹೊಲಿಗೆ ಹಾಕುತ್ತಿದ್ದಳು. ಅಂಗಡಿಯ ಹಳೆಯ ರಸೀತಿ ಪುಸ್ತಕದಲ್ಲಿ ಕಾರ್ಬನ್ ಇಟ್ಟು ದಿನದಿನದ ಗಂಟೆ ಬರೆದಿಟ್ಟಿದ್ದಳು, ಅದನ್ನು ತೆಗೆದು ಒಂದೊಂದು ಪುಟ ತಾಳೆ ನೋಡಿದಳು. ಗೇಟಿನ ವಾಚ್‌ಮನ್ ಹತ್ತಿರ, ಬಂದು ಹೋಗುವವರು ಸಹಿ ಮಾಡುವ ಪುಸ್ತಕ ಎಂಟು ತಿಂಗಳದ್ದೂ ಇದೆಯೇ ಎಂದು ವಿಚಾರಿಸಿದಳು. "ಇದೆ ಅಕ್ಕ, ಯಾರೂ ನೋಡಲ್ಲ" ಅಂದ. ರಾತ್ರಿ ಹಾಸಿಗೆಯಲ್ಲಿ ದೊಡ್ಡ ಮೇಡಂ ಮುಖ ಬಿಳಿಚಿಕೊಳ್ಳುವುದನ್ನು ನೆನೆದು ನೆನೆದು ಸುಖಪಟ್ಟಳು. ಮೆಕ್ಯಾನಿಕ್ ಎದುರು ಕೂತು ಮಾತಾಡುವಾಗಲೂ ಒಮ್ಮೆ ಅದೇ ನೆನಪಾಗಿ, ಅವರು ಹೇಳಿದ್ದು ಕಿವಿಗೆ ಬೀಳಲಿಲ್ಲ. ಅವರು ಮತ್ತೆ ಹೇಳಲಿಲ್ಲ.

ಆ ದಿನ ಮೇಷ್ಟ್ರ ಜೊತೆ ಬಂದವರು ಬಿಳಿ ಗಡ್ಡದ ಹಿರಿಯರು, ಮೂವತ್ತು ವರ್ಷ ಇದೇ ಕೆಲಸ ಮಾಡಿದವರು. ದೊಡ್ಡ ಮೇಡಂ ತಂಗಿಯ ಮಗಳನ್ನು ಪಕ್ಕದಲ್ಲೇ ಇಟ್ಟುಕೊಂಡು ಕೋಣೆ ಕೋಣೆ ತೋರಿಸಿದರು. ಮೂರನೆಯದರೊಳಗೆ ಎಲ್ಲರೂ ಬಂದಾಗ, "ನಮ್ಮ ಹುಡುಗಿ ತೊಂಬತ್ತೆರಡು ಗಂಟೆ ಇಲ್ಲೇ ಕೂತಿದ್ದು" ಎಂದರು. ಹೊರಗೆ ಮೆಟ್ಟಿಲ ಮೇಲೆ ಓಡಾಡುವವರ ಸದ್ದು.

"ಗಲಾಟೆ ಸಾರ್" ಎಂದಳು ಹಿಂದೆ ನಿಂತಿದ್ದ ಟೈಲರಮ್ಮ. "ಆ ಬಾಗಿಲು ಸ್ವಲ್ಪ ಹಾಕಮ್ಮ. ನಿನ್ನ ಕೋಣೆ ತಾನೇ?"

ಹುಡುಗಿ ಬಾಗಿಲು ನೂಕಿದಳು. ಅದು ಚೌಕಟ್ಟಿಗೆ ತಾಗಿ ವಾಪಸ್ಸು ಬಂತು. ಜೋರಾಗಿ ನೂಕಿದಳು, ಮತ್ತೆ ಬಂತು. ಮೂರನೇ ಸಲ ಎರಡೂ ಕೈ ಕೊಟ್ಟಳು. ದೊಡ್ಡ ಮೇಡಂ ನಗುತ್ತ ತಾವೇ ಹೋಗಿ ನೂಕಿದರು, ಅವರಿಗೂ ಮುಚ್ಚಲು ಬರಲಿಲ್ಲ. ಟೈಲರಮ್ಮ ನಿಧಾನವಾಗಿ ಹೋಗಿ, ಹಿಡಿಯನ್ನು ಒಂದಿಷ್ಟು ಮೇಲೆತ್ತಿ, ಕೆಳಮೂಲೆಯನ್ನು ಪಾದದಿಂದ ಒತ್ತಿದಳು. ಬಾಗಿಲು ಸದ್ದಿಲ್ಲದೆ ಕೂತಿತು.

"ಮರ ಊದಿಕೊಂಡಿದೆ ಸಾರ್. ಈ ಕೋಣೇಲಿ ಕೂರೋರು ಒಂದೊಂದು ಗಂಟೆಗೂ ಹೀಗೇ ಹಾಕಬೇಕು. ಬಾಗಿಲು ಹಾಕದೆ ಯಾರ ಗುಟ್ಟನ್ನೂ ಕೇಳೋ ಹಾಗಿಲ್ಲ ಅಲ್ವಾ?" ಎಂದು ರಸೀತಿ ಪುಸ್ತಕವನ್ನು ಮೇಜಿನ ಮೇಲಿಟ್ಟಳು. "ಅವಳ ಫಾರಂ ಪಕ್ಕ ಇದನ್ನ ಇಟ್ಟು ನೋಡಿ. ಗೇಟಿನ ಪುಸ್ತಕಾನೂ ತರಿಸಿ."

ಹುಡುಗಿ ಗಳಗಳ ಅತ್ತುಬಿಟ್ಟಳು. "ದೊಡ್ಡಮ್ಮನೇ ಬರೆದುಕೊಟ್ರು ಸಾರ್, ನಾನು ಬೇಡ ಅಂದೆ."

ದೊಡ್ಡ ಮೇಡಂ ಬಾಯಿ ತೆರೆದರು. ಬೆಣ್ಣೆ ಬರಲಿಲ್ಲ. ಟೈಲರಮ್ಮ ಆ ಮುಖವನ್ನು ಕಣ್ಣು ತುಂಬ ನೋಡಿದಳು. ಮೂರು ವಾರ ಊಹಿಸಿಕೊಂಡದ್ದಕ್ಕಿಂತ ನಿಜವಾದದ್ದೇ ಚೆನ್ನಾಗಿತ್ತು.

ಟೈಲರಮ್ಮ ಬರೆದುಕೊಟ್ಟ ದೂರಿನ ಮೇಲೆ ಕಾಲೇಜು ತಡಮಾಡಲಿಲ್ಲ. ಕೇಂದ್ರದ ಅನುಮತಿ ಹೋಯಿತು. ತಿಂಗಳೊಳಗೆ ಕಲಿಯುವವರೆಲ್ಲ ಹೊರಬರಬೇಕೆಂದು ಆದೇಶವಾಯಿತು. ಹುಡುಗಿಗೆ ಒಂದು ವರ್ಷ ಪರೀಕ್ಷೆ ಇಲ್ಲ. ಟೈಲರಮ್ಮನ ಗಂಟೆಗಳಲ್ಲಿ ಮೇಲ್ವಿಚಾರಣೆಯೇ ಇಲ್ಲದವನ್ನು ಹೊಡೆದುಹಾಕಿ ಅರವತ್ತು ಮಾತ್ರ ಒಪ್ಪಿದರು. ಒಂದು ಸಂಜೆ ದೊಡ್ಡ ಮೇಡಂ ಮನೆಗೇ ಬಂದರು.

"ದೂರು ವಾಪಸ್ ತಗೊಳ್ಳಿ. ಹನ್ನೆರಡು ವರ್ಷ ಕಟ್ಟಿದ್ದಮ್ಮ ಅದನ್ನ."

"ಹುಡುಗಿ ನಿಜ ಹೇಳಿದ್ಲು ಅಂತ ಒಂದು ಕಾಗದ ಬರೆದುಕೊಡ್ತೀನಿ. ನಿಮಗೆ ಏನೂ ಬರೆಯಲ್ಲ."

"ಇಷ್ಟೊಂದು ಹಗೆ ಇಟ್ಕೊಂಡು ನೀವು ಇನ್ನೊಬ್ಬರ ಕಷ್ಟ ಕೇಳ್ತೀರಾ?"

"ಕೇಳ್ತೀನಿ" ಎಂದಳು. ಅತ್ತೆ ಒಳಗಿನಿಂದಲೇ, "ಅವರಿಗೆ ಬಾಗಿಲು ತೋರಿಸೇ" ಅಂದರು.

ಆದರೆ ಕೊನೆಯ ವಾರ ಮೆಕ್ಯಾನಿಕ್ ಎದುರು ಕೂತಾಗ ಗೆದ್ದವಳ ಹಾಗೆ ಕೂರಲು ಆಗಲಿಲ್ಲ. ಇನ್ನು ಇಲ್ಲಿ ಸಿಗುವುದಿಲ್ಲ, ಬೇರೆಯವರ ಹತ್ತಿರ ಕಳಿಸುತ್ತೇವೆ ಎಂದಳು. ಅವರು, "ಮತ್ತೆ ಮೊದಲಿಂದ ಹೇಳ್ಬೇಕಾ ಅಮ್ಮ? ಬೇಡ ಬಿಡಿ" ಎಂದು ಎದ್ದು ಹೋದರು. ಬೇರೆಯವರ ಹತ್ತಿರ ಅವರು ಹೋಗಲೇ ಇಲ್ಲವೆಂದು ಆಮೇಲೆ ತಿಳಿಯಿತು.

ಉಳಿದ ನಲವತ್ತು ಗಂಟೆಗೆ ಜಾಗ ಕೊಟ್ಟವರು ಆ ಬಿಳಿ ಗಡ್ಡದ ಹಿರಿಯರೇ. ಆರೋಗ್ಯ ಕೇಂದ್ರದಲ್ಲಿ ಔಷಧಿ ಕೊಡುವ ಕಿಟಕಿಯ ಹಿಂದೊಂದು ಪುಟ್ಟ ಕೋಣೆ. ಮೊದಲ ದಿನವೇ ಕೂರಿಸಿಕೊಂಡು ಕೇಳಿದರು:

"ಫಾರಂ ನೋಡಿದ ದಿನವೇ ಹೇಳಬಹುದಿತ್ತು. ಮೂರು ವಾರ ಯಾಕೆ ಕಾದಿರಿ?"

ಒಪ್ಪವಾದ ಉತ್ತರ ನಾಲ್ಕೈದು ಹೊಳೆದವು. ಅವಳು ಯಾವುದನ್ನೂ ಹೇಳಲಿಲ್ಲ.

"ಅವರ ಮುಖ ನೋಡ್ಬೇಕಿತ್ತು ಸಾರ್."

"ಆ ಮೂರು ವಾರ ನಿಮ್ಮೆದುರು ಕೂತವರು?"

"ಒಬ್ಬರು ಏನೋ ಹೇಳಿದ್ರು. ನಾನು ಕೇಳಿಸ್ಕೊಳ್ಳಲಿಲ್ಲ."

"ಮತ್ತೆ ಅಂಥ ಸಂದರ್ಭ ಬಂದರೆ?"

"ಬಿಡಲ್ಲ ಸಾರ್. ಆದ್ರೆ ಕಾಯೋದೂ ಇಲ್ಲ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ನಗುತ್ತಿದ್ದಾರೋ ಇಲ್ಲವೋ ಗಡ್ಡದಲ್ಲಿ ಗೊತ್ತಾಗಲಿಲ್ಲ. "ಪ್ರತಿ ಶುಕ್ರವಾರ ಎರಡು ಗಂಟೆಗೆ ಬನ್ನಿ. ಮೊದಲು ಇದನ್ನೇ ಮಾತಾಡೋಣ" ಎಂದು, ಅವಳ ಹೊಸ ಹಾಳೆಯ ಮೇಲೆ ಆ ದಿನದ ತಾರೀಖು ಬರೆದರು.